ಹಳೆಯ ಕಾರಿನ ತುಕ್ಕಿಗೆ ಹೊಸ ಕತ್ತರಿ

ಹಳೆಯ ವಾಹನವನ್ನು ಮಾರಲು ಮನಸ್ಸಿಲ್ಲದೆ ಮನೆಯ ಷೆಡ್ಡಿನಲ್ಲೇ ಉಳಿಸಿಕೊಂಡಿರುವವರು ನಮ್ಮ ಬಳಗದಲ್ಲಿ ಕೆಲವರಾದರೂ ಇರಬೇಕು. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಮೋಟಾರು ಸೈಕಲ್ಲಾಗಿರಬಹುದು. ತಂದೆಯವರ ಕಾಲದ ಅಂಬಾಸಿಡರ್ ಅಥವಾ ಫಿಯೆಟ್ ಆಗಿರಬಹುದು. ಇಲ್ಲವೆ ಇದೇ ಊರಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1961ರಿಂದ ತಯಾರಿಸಿದ ಹೆರಾಲ್ಡ್ ಆಗಿರಬಹುದು. ಎಂಜಿನು ಎಷ್ಟೇ ಹಳೆಯದಾದರೂ ರಿಪೇರಿಗೆ ಒಗ್ಗುತ್ತದೆ. ಆದರೆ ಚೆನ್ನೈಯ ಉಪ್ಪುಗಾಳಿಗೆ ತಗಡು ತಡೆಯುವುದಿಲ್ಲ. ಹೊರಗೆ ಬಣ್ಣ ಮಿರುಗುತ್ತಿದ್ದರೂ ಕಾಲಿಡುವ ನೆಲಹಾಸಿನ ಕೆಳಗೆ, ಬಾಗಿಲಿನ ಅಡಿಪಟ್ಟಿಯ ಒಳಗೆ, ತುಕ್ಕು ಗೆದ್ದಲಿನಂತೆ ತಿನ್ನುತ್ತಲೇ ಇರುತ್ತದೆ.

ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತಗಡಿನ ತೇಪೆಯನ್ನು ಬೆಸೆಯುವುದೊಂದೇ ಇದಕ್ಕೆ ಮದ್ದು. ಆ ಕತ್ತರಿಸುವ ಕೆಲಸಕ್ಕೆ ಪ್ಲಾಸ್ಮಾ ಕಟ್ಟರ್ ಎಂಬ ಯಂತ್ರ ಈಗ ಗೃಹಸ್ಥರ ಕೈಗೂ ಎಟುಕುವ ಬೆಲೆಗೆ ಬಂದಿದೆ. ಕೊಳ್ಳುವ ಮುನ್ನ ತಿಳಿದಿರಬೇಕಾದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಂತ್ರದ ಗುಟ್ಟು

ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ರಾಬರ್ಟ್ ಗೇಜ್ ಎಂಬವರು 1957ರಲ್ಲಿ ಈ ವಿಧಾನಕ್ಕೆ ಪೇಟೆಂಟು ಪಡೆದರು. ಒತ್ತಡದ ಗಾಳಿಯನ್ನು ಸಣ್ಣ ರಂಧ್ರದ ಮೂಲಕ ನುಗ್ಗಿಸಿ, ಅದರೊಳಗೆ ವಿದ್ಯುತ್ತಿನ ಕಿಡಿಯನ್ನು ಹಾಯಿಸಿದರೆ, ಗಾಳಿಯೇ ಸುಮಾರು 20,000 ಡಿಗ್ರಿ ಶಾಖದ ಜ್ವಾಲೆಯಾಗುತ್ತದೆ. ಅದು ಲೋಹವನ್ನು ಕರಗಿಸುತ್ತದೆ; ಹಿಂದಿನಿಂದ ಬರುವ ಗಾಳಿ ಕರಗಿದ್ದನ್ನು ಊದಿ ತಳ್ಳುತ್ತದೆ. ಶಾಖ ಒಂದು ಗೆರೆಯಲ್ಲೇ ನಿಲ್ಲುವುದರಿಂದ ಅಕ್ಕಪಕ್ಕದ ತಗಡು ಹೆಚ್ಚು ಸೊಟ್ಟಗಾಗುವುದಿಲ್ಲ. ಗ್ಯಾಸ್ ಕಟಿಂಗಿನಲ್ಲಾದರೋ ತೆಳು ತಗಡು ಹಪ್ಪಳದಂತೆ ಸುರುಟಿಕೊಳ್ಳುತ್ತದೆ.

ಎಷ್ಟು ಶಕ್ತಿ ಬೇಕು?

ಅಂಗಡಿಯವನು ದೊಡ್ಡ ಯಂತ್ರವನ್ನೇ ಮುಂದೆ ಮಾಡುವುದು ಸಹಜ. ಕಾರಿನ ಮೈತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು; ಚಾಸಿಯದು ಎರಡರಿಂದ ನಾಲ್ಕು ಮಿಲಿಮೀಟರು. ಇದಕ್ಕೆ 30ರಿಂದ 40 ಆಂಪಿಯರಿನ ಯಂತ್ರ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದನ್ನು ತರುವುದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಕೆಳಗೆ 20 ಆಂಪಿಯರಿಗೂ ಇಳಿಸಲು ಬರುತ್ತದೆಯೆ ಎಂದು ಕೇಳಿ. ತೆಳು ತಗಡಿಗೆ ಅದೇ ಹಿತ.

ಮನೆಯ ವಿದ್ಯುತ್ತನ್ನೂ ನೋಡಬೇಕು. 40 ಆಂಪಿಯರಿನಲ್ಲಿ ಕತ್ತರಿಸುವಾಗ ಯಂತ್ರವು 230 ವೋಲ್ಟಿನ ಲೈನಿನಿಂದ 20 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಗೀಸರಿನ 16 ಆಂಪಿಯರ್ ಸಾಕೆಟ್ಟು ಇದನ್ನು ತಾಳದು. ಜೊತೆಗೆ ಕಂಪ್ರೆಸರೂ ಓಡಬೇಕಲ್ಲ! ಆದುದರಿಂದ ಮನೆಗೆ ಮಂಜೂರಾದ ಲೋಡು ಎಷ್ಟೆಂದು ನೋಡಿ, ಬಲ್ಲ ಎಲೆಕ್ಟ್ರಿಷಿಯನ್ನಿಂದ ಪ್ರತ್ಯೇಕ ಲೈನು ಎಳೆಸತಕ್ಕದ್ದು. ಅಪಾರ್ಟ್‌ಮೆಂಟಿನ ಕಾರು ನಿಲ್ದಾಣದಲ್ಲಿ ಈ ಕೆಲಸ ಬೇಡವೇ ಬೇಡ.

ಇನ್ನೊಂದು ಅಂಕೆ ಡ್ಯೂಟಿ ಸೈಕಲ್ಲಿನದು. ಶೇಕಡಾ 60 ಎಂದರೆ ಹತ್ತು ನಿಮಿಷಗಳಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಆ ಅಂಕೆಯನ್ನು ಎಷ್ಟು ಉಷ್ಣತೆಯಲ್ಲಿ ಅಳೆದಿದ್ದಾರೆಂದು ಕೇಳಿ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಅದು 40 ಡಿಗ್ರಿ. ಅದಕ್ಕಿಂತ ತಣ್ಣನೆಯ ಕೋಣೆಯಲ್ಲಿ ಅಳೆದ ಯಂತ್ರ ನಮ್ಮ ಕತ್ತಿರಿ ಬಿಸಿಲಿನಲ್ಲಿ ಬೇಗನೆ ಸುಸ್ತಾದೀತು.

ಗಾಳಿ ಮತ್ತು ಕಿಡಿ

ನಿಮಿಷಕ್ಕೆ ಸುಮಾರು 120ರಿಂದ 150 ಲೀಟರು ಗಾಳಿ, 4ರಿಂದ 5 ಬಾರ್ ಒತ್ತಡದಲ್ಲಿ ಎಡೆಬಿಡದೆ ಬೇಕು. ಕಂಪ್ರೆಸರಿನ ಮೇಲೆ ಬರೆದಿರುವುದು ಸಾಮಾನ್ಯವಾಗಿ ಅದು ಸೆಳೆಯುವ ಗಾಳಿಯ ಲೆಕ್ಕ. ಹೊರಗೆ ಬರುವುದು ಅದಕ್ಕಿಂತ ಕಡಿಮೆ. ಚೆನ್ನೈಯ ಗಾಳಿಯಲ್ಲಿರುವ ನೀರಿನಂಶ ಟಾರ್ಚಿನ ತುದಿಯ ನಾಜಲ್ಲನ್ನೂ ಎಲೆಕ್ಟ್ರೋಡನ್ನೂ ಬೇಗ ಸವೆಸುತ್ತದೆ. ನೀರು ಸೋಸುವ ಫಿಲ್ಟರನ್ನು ಹಾಕಿಸಿ. ಟ್ಯಾಂಕಿನ ನೀರನ್ನು ಪ್ರತಿದಿನ ಹೊರಬಿಡಿ. ಈ ಸವೆಯುವ ತುದಿಗಳು ಬ್ರಾಡ್‌ವೇ, ಅಂಬತ್ತೂರುಗಳ ಅಂಗಡಿಗಳಲ್ಲಿ ಸದಾ ಸಿಗುತ್ತವೆಯೆ ಎಂದು ವಿಚಾರಿಸದೆ ಯಾವ ಬ್ರ್ಯಾಂಡನ್ನೂ ಆರಿಸಬೇಡಿ.

ಹಳೆಯ ವಾಹನಕ್ಕೆ ಪೈಲಟ್ ಆರ್ಕ್ ಇರುವ ಯಂತ್ರವೇ ಮೇಲು. ಕಿಡಿ ಟಾರ್ಚಿನೊಳಗೇ ಹೊತ್ತಿಕೊಳ್ಳುವುದರಿಂದ ಬಣ್ಣ ಮತ್ತು ತುಕ್ಕು ಇರುವ ಕಡೆಯೂ ಅದು ಕತ್ತರಿಸೀತು. ಆದರೂ ಅರ್ಥ್ ಕ್ಲಾಂಪ್ ಹಚ್ಚುವ ಜಾಗವನ್ನು ಮಾತ್ರ ಬಿಳುಪಾಗುವಂತೆ ಉಜ್ಜಿರಬೇಕು. ಬ್ಯಾಟರಿಯ ತಂತಿಗಳನ್ನು ಮೊದಲೇ ಬಿಚ್ಚಿಡಬೇಕು.

ಕತ್ತರಿಸುವ ಮುನ್ನ

ಹೆರಾಲ್ಡಿಗೆ ಬೇರೆಯೇ ಚಾಸಿಯುಂಟು. ಮೈತಗಡುಗಳನ್ನು ಅದರ ಮೇಲೆ ಬೋಲ್ಟು ಹಾಕಿ ಕೂರಿಸಲಾಗಿದೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಹಾಗಲ್ಲ. ಅವುಗಳ ಮೈಯೇ ಬೆನ್ನೆಲುಬು. ಬಾಗಿಲಿನ ಕೆಳಗಿನ ಅಡಿಪಟ್ಟಿಯನ್ನು ಆಸರೆ ಕೊಡದೆ ಕತ್ತರಿಸಿದರೆ ಕಾರು ನಡುವೆ ಜಗ್ಗಿ, ಬಾಗಿಲು ಮತ್ತೆ ಮುಚ್ಚುವುದೇ ಇಲ್ಲ. ಬಾಗಿಲ ಸಂದಿಗೆ ಅಡ್ಡಪಟ್ಟಿ ಬೆಸೆದು, ಒಂದು ಪಕ್ಕ ಮುಗಿದ ಮೇಲೆಯೇ ಇನ್ನೊಂದು ಪಕ್ಕಕ್ಕೆ ಹೋಗಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಕಾಗದಪತ್ರದ ಸಂಗತಿಯೂ ಉಂಟು. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮಗಳನ್ನು ತಂದಿತು. ಅದರಂತೆ ವಾಹನ ಮೂಲರೂಪದಲ್ಲೇ ಇರಬೇಕು. ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆದುದರಿಂದ ತುಕ್ಕಿನಷ್ಟನ್ನೇ ಕತ್ತರಿಸಿ, ಆಕಾರವನ್ನು ಉಳಿಸಿ. ಚಾಸಿ ನಂಬರು ಕೆತ್ತಿರುವ ಜಾಗದ ಹತ್ತಿರ ಟಾರ್ಚು ಸುಳಿಯಲೇಕೂಡದು.

ಪ್ರಾಣಕ್ಕಿಂತ ಕಾರು ದೊಡ್ಡದಲ್ಲ

ಪೆಟ್ರೋಲ್ ಟ್ಯಾಂಕನ್ನು, ಅದು ವರ್ಷಗಟ್ಟಲೆ ಖಾಲಿ ಬಿದ್ದಿದ್ದರೂ, ಕತ್ತರಿಸಬೇಡಿ. ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ಕಾರಿನಲ್ಲಿ ಕೆಲಸವಿದ್ದಾಗ ಟ್ಯಾಂಕನ್ನು ಕಳಚಿ ದೂರ ಇಡಿ. ನೆಲದಡಿಗೆ ಬಳಿದ ಡಾಂಬರು ಮತ್ತು ಸೀಟಿನ ಸ್ಪಂಜು ಹೊಗೆಯಾಡುತ್ತಲೇ ಇದ್ದು, ಅರ್ಧ ಗಂಟೆಯ ಮೇಲೆ ಹೊತ್ತಿಕೊಳ್ಳಬಹುದು. ಪಕ್ಕದಲ್ಲಿ ಬೆಂಕಿ ಆರಿಸುವ ಸಾಧನವಿರಲಿ. ಕೆಲಸ ಮುಗಿದೊಡನೆ ಷೆಡ್ಡಿಗೆ ಬೀಗ ಹಾಕಿ ಊಟಕ್ಕೆ ಹೋಗಬೇಡಿ. ಹಳೆಯ ಬಣ್ಣದಲ್ಲಿ ಸೀಸ, ಕಲಾಯಿ ತಗಡಿನಲ್ಲಿ ಸತು ಇದ್ದು, ಅವುಗಳ ಹೊಗೆ ವಿಷ. ಬಾಗಿಲು ತೆರೆದಿಟ್ಟು, ತಕ್ಕ ಮುಖಗವುಸು ಧರಿಸಿ, ಮಕ್ಕಳನ್ನು ದೂರವಿಡಿ. ಕಣ್ಣಿಗೆ 40 ಆಂಪಿಯರಿನವರೆಗೆ 5ನೆಯ ನಂಬರಿನ ಶೇಡ್ ಗಾಜು ಬೇಕು. ಬಿಸಿಲಿನ ಕನ್ನಡಕ ಸಾಲದು. ಮೈಮೇಲೆ ದಪ್ಪ ಹತ್ತಿಬಟ್ಟೆ, ಕಾಲಿಗೆ ಚರ್ಮದ ಬೂಟು. ಲುಂಗಿ, ಪಾಲಿಯೆಸ್ಟರ್ ಅಂಗಿ, ಹವಾಯಿ ಚಪ್ಪಲಿ ಈ ಕೆಲಸಕ್ಕೆ ಸಲ್ಲವು.

ಕೊಳ್ಳಲೇಬೇಕೆ?

ಒಂದೇ ಒಂದು ಕಾರಿನ ಎರಡು ತೇಪೆಗಳಿಗಾಗಿ ಯಂತ್ರ, ಕಂಪ್ರೆಸರು, ಹೊಸ ಲೈನು ಎಲ್ಲಕ್ಕೂ ಹಣ ಸುರಿಯುವುದು ಜಾಣತನವಲ್ಲ. ನಾಲ್ಕಂಗುಲದ ಗ್ರೈಂಡರು (ಇದು ಹಿಟ್ಟು ರುಬ್ಬುವುದಲ್ಲ!) ಮತ್ತು ಒಂದು ಮಿಲಿಮೀಟರಿನ ಡಿಸ್ಕು ಆ ಕೆಲಸವನ್ನು ಸಲೀಸಾಗಿ ಮಾಡುತ್ತವೆ. ಚಾಸಿಯ ಕೆಲಸವನ್ನು ಅನುಭವಿ ವೆಲ್ಡರನಿಗೆ ಒಪ್ಪಿಸುವುದೇ ಕ್ಷೇಮ. ಎರಡು ಮೂರು ವಾಹನಗಳನ್ನು ಕೈಗೆತ್ತಿಕೊಂಡವರಿಗೆ, ವರ್ಷವಿಡೀ ಈ ಹವ್ಯಾಸದಲ್ಲಿ ತೊಡಗುವವರಿಗೆ ಪ್ಲಾಸ್ಮಾ ತಕ್ಕ ಸಂಗಾತಿ. ಅಂಥವರು ಯಂತ್ರ ತಂದ ದಿನವೇ ತಂದೆಯವರ ಕಾರಿಗೆ ಕೈಹಚ್ಚದೆ, ಪುದುಪೇಟೆಯಿಂದ ಹಳೆಯ ಬಾಗಿಲೊಂದನ್ನು ಗುಜರಿಯ ಬೆಲೆಗೆ ತಂದು, ಅದು ಚೂರುಚೂರಾಗುವವರೆಗೆ ಕೈ ಪಳಗಿಸಿಕೊಳ್ಳಲಿ.