28 ದಿನಗಳಿಗೊಮ್ಮೆಯ ಸೂಜಿಮದ್ದು ಮತ್ತು ಉದರಬಾಧೆ

ಕೆಲವು ವರ್ಷಗಳ ಹಿಂದೆ ಅರಕಲಗೂಡು ತಾಲ್ಲೂಕಿನ ತಾಯಿಯೊಬ್ಬರು ಮಗನೊಡನೆ ಹಾಸನದ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಅವರಿಗೆ ಸಣ್ಣ ಕರುಳಿನಲ್ಲಿ ಹುಟ್ಟಿ ಯಕೃತ್ತಿಗೆ ಹರಡಿದ್ದ ನ್ಯೂರೋಎಂಡೋಕ್ರೈನ್ ಗೆಡ್ಡೆ. ಅದಕ್ಕಾಗಿ ಬೆಂಗಳೂರಿನಲ್ಲಿ 28 ದಿನಗಳಿಗೊಮ್ಮೆ ಆಕ್ಟ್ರಿಯೊಟೈಡ್ ಎಂಬ ಹಾರ್ಮೋನು ಚುಚ್ಚುಮದ್ದನ್ನು ಪಡೆಯುತ್ತಿದ್ದರು. ಆರನೆಯ ಸೂಜಿಯ ಹೊತ್ತಿಗೆ ಮುಖ ಕೆಂಪೇರುವುದು, ನೀರಿನಂತಹ ಭೇದಿ ಬಹುಮಟ್ಟಿಗೆ ತಗ್ಗಿದ್ದವು. ಆದರೆ ಬೇರೊಂದು ಬಗೆಯ ಭೇದಿ ತೊಡಗಿ ಮೈತೂಕ ಇಳಿಯುತ್ತ ಬಂದಿತ್ತು. "ಸೂಜಿ ಬಿಟ್ಟು ನಿಮ್ ಕಷಾಯನೇ ಕುಡಿತೀನಿ ಡಾಕ್ಟ್ರೇ" ಎಂದರು.

ಸೂಜಿಯನ್ನು ಬಿಡಬೇಡಿರೆಂದು ಹೇಳಿದೆವು. ಅಷ್ಟು ಮಾತ್ರ ಸರಿಯಾಗಿ ಮಾಡಿದೆವು. ಅತಿಸಾರದಲ್ಲಿ ಮಲವನ್ನು ನೀರಿನಲ್ಲಿ ಪರೀಕ್ಷಿಸುವ ಕ್ರಮ ನಮ್ಮ ಶಾಸ್ತ್ರದಲ್ಲಿದೆ. ಮುಳುಗಿದರೆ ಆಮ, ತೇಲಿದರೆ ಪಕ್ವ. ಈ ತಾಯಿ "ತೇಲುತ್ತದೆ" ಎಂದರು. ಪಕ್ವವೆಂದು ಬಗೆದು, ಸ್ತಂಭನಕ್ಕಾಗಿ ಕುಟಜಾರಿಷ್ಟವನ್ನು ಬರೆದುಕೊಟ್ಟೆವು. ಮೂರನೆಯ ದಿನ ಮಗ ದೂರವಾಣಿ ಮಾಡಿದರು. ಔಷಧ ಕುಡಿದ ಸ್ವಲ್ಪ ಹೊತ್ತಿಗೆ ಮುಖ, ಕತ್ತು ಬಿಸಿಯಾಗಿ ಕೆಂಪೇರುತ್ತವೆ, ಎದೆ ಹೊಡೆದುಕೊಳ್ಳುತ್ತದೆ ಎಂದರು.

ಒಂದೇ ಚೀಟಿಯಲ್ಲಿ ನಾವು ಎರಡು ತಪ್ಪು ಮಾಡಿದ್ದೆವು. ಆಸವ, ಅರಿಷ್ಟಗಳೆಲ್ಲ ಹುದುಗಿನಿಂದ ಆದವು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ. ಶೀಶೆಯ ಮೇಲೆಯೇ ಅದು ಮುದ್ರಿತವಾಗಿರುತ್ತದೆ. ಈ ಗೆಡ್ಡೆ ಸ್ರವಿಸುವ ರಸಗಳನ್ನು ಕೆರಳಿಸುವುದರಲ್ಲಿ ಮದ್ಯಾಂಶವೇ ಮುಂದು. ಎರಡನೆಯ ತಪ್ಪು ಇನ್ನೂ ಮೂಲದ್ದು. ಆ ಮಲ ತೇಲುತ್ತಿದ್ದುದು ಪಕ್ವವಾಗಿದ್ದರಿಂದಲ್ಲ, ಜೀರ್ಣವಾಗದ ಜಿಡ್ಡಿನಿಂದ. ಮೂವತ್ತೈದು ವರ್ಷ ರೋಗಿಗಳನ್ನು ನೋಡಿದ ಮೇಲೆ ಇದನ್ನು ಬರೆಯಲು ಸಂಕೋಚವೇನೋ ಆಗುತ್ತದೆ. ಆದರೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯಿಂದಲೂ ಇದೇ ಸೂಜಿ ಪಡೆಯುವ ಭಕ್ತರು ನಮ್ಮಲ್ಲಿಗೆ ಬರುತ್ತಿರುವುದರಿಂದ ಬರೆಯಲೇಬೇಕಾಗಿದೆ.

ಈ ಗೆಡ್ಡೆಯ ಹೆಸರು ನಮ್ಮ ಜನರ ಕಿವಿಗೆ ಬಿದ್ದದ್ದು 2018ರಲ್ಲಿ, ನಟ ಇರ್ಫಾನ್ ಖಾನ್ ತಮ್ಮ ಕಾಯಿಲೆಯನ್ನು ಬಹಿರಂಗಪಡಿಸಿದಾಗ. ಹಾರ್ಮೋನುಗಳನ್ನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ ಇದು ಅನೇಕರಲ್ಲಿ ನಿಧಾನವಾಗಿ ಬೆಳೆಯುತ್ತದೆ. ಸೆರೊಟೋನಿನ್ ಮೊದಲಾದವುಗಳನ್ನು ರಕ್ತಕ್ಕೆ ಸುರಿಯುವ ಗೆಡ್ಡೆಗಳಿಂದ ಮುಖ ಕೆಂಪೇರುವಿಕೆ, ಭೇದಿ ಕಾಣಿಸಿಕೊಳ್ಳುತ್ತವೆ. ಈ ಸ್ರಾವಕ್ಕೆ ಕಡಿವಾಣ ಹಾಕುವ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ನಮ್ಮ ದೇಹದಲ್ಲಿಯೇ ಇದೆ. 1973ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದವರು ರೋಜರ್ ಗಿಲ್ಲೆಮಿನ್ ಮತ್ತು ಅವರ ಸಂಗಡಿಗರು. ಆದರೆ ಅದು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಅದರ ಅನುಕರಣೆಯಾಗಿ ಸಿದ್ಧವಾದ ಆಕ್ಟ್ರಿಯೊಟೈಡ್, ಲ್ಯಾನ್ರಿಯೊಟೈಡ್‌ಗಳ ದೀರ್ಘಾವಧಿ ಸೂಜಿ ಸುಮಾರು ನಾಲ್ಕು ವಾರ ಕೆಲಸ ಮಾಡುತ್ತದೆ. ಲಕ್ಷಣಗಳನ್ನು ತಗ್ಗಿಸುವುದಷ್ಟೇ ಅಲ್ಲ, ಬೆಳವಣಿಗೆಯನ್ನೂ ತಡೆಯುತ್ತದೆ. ಕರುಳಿನ ಮಧ್ಯಭಾಗದ ಗೆಡ್ಡೆಗಳ ಮೇಲೆ ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧವಿಲ್ಲದ ಸೂಜಿ ಪಡೆದವರಲ್ಲಿ ಗೆಡ್ಡೆ ಮುಂದುವರಿಯಲು ಸರಾಸರಿ ಆರು ತಿಂಗಳಾದರೆ, ಆಕ್ಟ್ರಿಯೊಟೈಡ್ ಪಡೆದವರಲ್ಲಿ ಹದಿನಾಲ್ಕು ತಿಂಗಳಾಯಿತು. ಭೇದಿಗೆ ಬೇಸತ್ತು ಸೂಜಿಯನ್ನು ಬಿಡುವವರು ಬಿಟ್ಟುಕೊಡುವುದು ಈ ಕಾಲಾವಕಾಶವನ್ನು.

ಕಡಿವಾಣ ಗೆಡ್ಡೆಗೆ ಮಾತ್ರ ಬೀಳುವುದಿಲ್ಲವೆಂಬುದೇ ತೊಡಕು. ಮೇದೋಜೀರಕ ಗ್ರಂಥಿಯ ಪಾಚಕ ರಸವೂ ಕುಗ್ಗುತ್ತದೆ, ಪಿತ್ತಕೋಶ ಹಿಂಡಿಕೊಳ್ಳುವುದೂ ಮಂದವಾಗುತ್ತದೆ. ಆದ್ದರಿಂದ ಭೇದಿ ಎಂದೊಡನೆ ಅದು ಯಾವ ಭೇದಿ ಎಂದು ಕೇಳಬೇಕು. ಗೆಡ್ಡೆಯಿಂದಾಗುವುದು ನೀರಿನಂತಿರುತ್ತದೆ, ಉಪವಾಸವಿದ್ದರೂ ನಿಲ್ಲದು, ನಡುರಾತ್ರಿಯಲ್ಲಿಯೂ ಎಬ್ಬಿಸುತ್ತದೆ, ಮುಖ ಕೆಂಪೇರುವಿಕೆ ಜೊತೆಗಿರಬಹುದು. ಮುಂದಿನ ಸೂಜಿಗೆ ಕೆಲವು ದಿನಗಳಿರುವಾಗ ಇದು ಹೆಚ್ಚಾದರೆ ಮದ್ದಿನ ಬಲ ಕುಂದುತ್ತಿದೆಯೆಂದು ವೈದ್ಯರಿಗೆ ತಿಳಿಸಬೇಕು. ಸೂಜಿಯಿಂದಾಗುವುದು ಮಾಸಲು ಬಣ್ಣದ, ಜಿಡ್ಡಾದ, ಹೆಚ್ಚು ದುರ್ವಾಸನೆಯ ಮಲ. ಎರಡು ಮೂರು ತಂಬಿಗೆ ನೀರು ಸುರಿದರೂ ಹೋಗದೆ ಅಂಟಿಕೊಂಡಿರುತ್ತದೆ, ತೇಲುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದವರಲ್ಲಿ ಪಿತ್ತರಸ ದೊಡ್ಡ ಕರುಳಿಗೆ ಸೋರಿ ಆಗುವ ಮೂರನೆಯದೊಂದಿದೆ. ಅದಕ್ಕೆ ಬೇರೆಯೇ ಔಷಧ.

ಜಿಡ್ಡಿನ ಭೇದಿಗೆ ಪಾಚಕ ರಸದ ಕ್ಯಾಪ್ಸೂಲುಗಳನ್ನು ಕೊಡುತ್ತಾರೆ. ಅವನ್ನು ಊಟದ ಮೊದಲ ತುತ್ತುಗಳೊಡನೆ ನುಂಗಬೇಕು. ಕೈ ತೊಳೆದು ಬಂದು ನುಂಗಿದರೆ ಅನ್ನಕ್ಕೂ ಔಷಧಕ್ಕೂ ಭೇಟಿಯಾಗುವುದಿಲ್ಲ. ಇಲ್ಲೊಂದು ಸಂಗತಿಯನ್ನು ನಾವು ಮರೆಮಾಚಲಾರೆವು. ಈ ಪಾಚಕವನ್ನು ತೆಗೆಯುವುದು ಹಂದಿಯ ಮೇದೋಜೀರಕ ಗ್ರಂಥಿಯಿಂದ. ನಮ್ಮ ಭಕ್ತರಿಗೆ ಇದು ಸಣ್ಣ ಮಾತಲ್ಲ. ಸಸ್ಯಾಹಾರಿಗಳಿಗೆಂದು ಅಂಗಡಿಯಲ್ಲಿ ದೊರೆಯುವ ಡಯಾಸ್ಟೇಸ್, ಪಪೇನ್‌ಗಳು ಪಿಷ್ಟವನ್ನೂ ಸಸಾರಜನಕವನ್ನೂ ಒಡೆಯುತ್ತವೆ, ಜಿಡ್ಡನ್ನಲ್ಲ. ಅವು ಇದಕ್ಕೆ ಬದಲಿಯಾಗವು. ಅರಕಲಗೂಡಿನ ತಾಯಿ ಎರಡು ದಿನ ಯೋಚಿಸಿ, ಔಷಧವೆಂದು ಸ್ವೀಕರಿಸಿದರು. ಚನ್ನರಾಯಪಟ್ಟಣದ ಹಿರಿಯರೊಬ್ಬರು ಒಲ್ಲೆನೆಂದರು. ಅವರ ವೈದ್ಯರು ಜಿಡ್ಡನ್ನು ತಗ್ಗಿಸಿ, ಎ, ಡಿ, ಇ, ಕೆ ಜೀವಸತ್ವಗಳನ್ನು ಕೊಟ್ಟು, ವಾರಕ್ಕೊಮ್ಮೆ ತೂಕ ನೋಡುವ ಏರ್ಪಾಡು ಮಾಡಿದರು. ನಮ್ಮ ಅಭಿಪ್ರಾಯ ಕೇಳಿದರೆ ಆ ತಾಯಿಯ ದಾರಿಯೇ ನಮಗೆ ಒಪ್ಪಿಗೆ. ಆದರೆ ಒಲ್ಲದವರು ಗುಟ್ಟಾಗಿ ಕಸದ ಬುಟ್ಟಿಗೆ ಹಾಕಬಾರದು. ವೈದ್ಯರ ಮುಂದೆ ಹೇಳಿಬಿಡಬೇಕು.

ಊಟವನ್ನು ಐದಾರು ಪಾಲು ಮಾಡಿಕೊಳ್ಳುವುದು ಲೇಸು. ಚನ್ನರಾಯಪಟ್ಟಣದ ತೆಂಗಿನ ಸೀಮೆಯವರಿಗೆ ಕಾಯಿಯಿಲ್ಲದ ಸಾರು ಸಾರಲ್ಲ ಎಂಬುದು ನಮಗೆ ಗೊತ್ತಿದೆ. ಕಾಯಿಯನ್ನು ಪೂರ್ತಿ ಬಿಡಬೇಕಿಲ್ಲ, ಒಂದೇ ಹೊತ್ತಿಗೆ ಹೆಚ್ಚು ಬೀಳದಂತೆ ಹಂಚಿಕೊಂಡರೆ ಸಾಕು. ಕರಿದ ತಿಂಡಿ, ಖಾರ ಕಡಿಮೆಯಿರಲಿ. ತೆಳುವಾದ ರಾಗಿ ಗಂಜಿ, ಮೆದುವಾದ ಅನ್ನ, ಬೆಣ್ಣೆ ತೆಗೆದ ಮಜ್ಜಿಗೆಗೆ ಜೀರಿಗೆ, ಉಪ್ಪು, ಇವು ಬಹುತೇಕರಿಗೆ ಒಗ್ಗುತ್ತವೆ. ದಾಸೋಹದಲ್ಲಿ ಪ್ರಸಾದ ಬಿಡಬಾರದೆಂದು ಹೊಟ್ಟೆ ಬಿರಿಯ ಉಂಡು ರಾತ್ರಿಯಿಡೀ ನರಳಿದವರನ್ನು ಕಂಡಿದ್ದೇವೆ. ಮೊದಲೇ ಕಡಿಮೆ ನೀಡಿಸಿಕೊಂಡರೆ ಯಾರೂ ಬೇಸರಿಸುವುದಿಲ್ಲ.

ನಮ್ಮ ಪದ್ಧತಿಯ ಔಷಧಗಳ ಬಗೆಗೂ ನೇರವಾಗಿ ಹೇಳುವುದು ಒಳ್ಳೆಯದು. ಈ ಸೂಜಿ ಪಡೆಯುವವರಿಗೆ ಆಸವಾರಿಷ್ಟಗಳು ಬೇಡ. ತ್ರಿಕಟು, ಚಿತ್ರಕಗಳಂತಹ ತೀಕ್ಷ್ಣ ಔಷಧಗಳು ಬೇಡ. ಜಿಡ್ಡಿನ ಭೇದಿಯಿರುವಾಗ ಔಷಧೀಯ ತುಪ್ಪಗಳು ಬೇಡ. ವಿರೇಚನವಂತೂ ಬೇಡವೇ ಬೇಡ. ಬೇರೆ ಏನನ್ನೇ ಕೊಟ್ಟರೂ ಅದರ ಚೀಟಿ ಕ್ಯಾನ್ಸರ್ ತಜ್ಞರ ಕಡತದಲ್ಲಿರಬೇಕು.

ಪಿತ್ತಕೋಶದಲ್ಲಿ ಕಲ್ಲುಗಳಾಗುವುದು ಈ ಸೂಜಿಯಲ್ಲಿ ಅಪರೂಪವಲ್ಲ. ಊಟದ ಬಳಿಕ ಬಲಪಕ್ಕೆಲುಬಿನ ಕೆಳಗೆ ನೋವು, ಜೊತೆಗೆ ಜ್ವರವೋ ಕಣ್ಣು ಹಳದಿಯಾಗುವುದೋ ಇದ್ದರೆ ಅದನ್ನು ವಾಯುವೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತದ ಸಕ್ಕರೆ ಏರಬಹುದು, ಇಳಿಯಲೂಬಹುದು. ಮಧುಮೇಹಿಗಳು ಮೊದಲ ತಿಂಗಳುಗಳಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ನಾಡಿ ನಿಧಾನವಾಗಬಹುದು, ಥೈರಾಯ್ಡ್ ಕುಗ್ಗಬಹುದು. ಬಿ12 ಜೀವಸತ್ವವೂ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕೊರತೆಯಲ್ಲಿರುವುದರಿಂದ ಪಾದ ಜೋಮು ಹಿಡಿದರೆ ಪರೀಕ್ಷೆ ಮಾಡಿಸಬೇಕು.

ಸೂಜಿಮದ್ದನ್ನು ಬೆಂಗಳೂರಿನಿಂದ ತಂದು ಊರಿನಲ್ಲಿ ಹಾಕಿಸಿಕೊಳ್ಳುವವರು ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬಸ್ಸಿನಲ್ಲಿ ತರುವಾಗ ಮಂಜುಗಡ್ಡೆ ನೇರವಾಗಿ ತಾಕಿ ಮದ್ದು ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಹಾಕುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಹೊರತೆಗೆದಿಟ್ಟರೆ ನೋವು ಕಡಿಮೆ. ಆಕ್ಟ್ರಿಯೊಟೈಡ್ ಪುಡಿಯನ್ನು ಕಲಸಿದ ಕೂಡಲೇ ಚುಚ್ಚಬೇಕು. ತಡವಾದರೆ ಸೂಜಿ ಕಟ್ಟಿಕೊಳ್ಳುತ್ತದೆ. ಒಂದು ಸಲ ಎಡ ಪೃಷ್ಠಕ್ಕೆ ಹಾಕಿಸಿದರೆ ಮುಂದಿನ ಸಲ ಬಲಕ್ಕೆ. ಚುಚ್ಚಿದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಹಲ್ಲು ಕೀಳಿಸುವುದಾಗಲಿ, ಇನ್ನಾವುದೇ ಶಸ್ತ್ರಚಿಕಿತ್ಸೆಯಾಗಲಿ, ಈ ಗೆಡ್ಡೆಯಿರುವ ವಿಷಯವನ್ನು ಮೊದಲೇ ತಿಳಿಸಬೇಕು.

ಅರಕಲಗೂಡಿನ ತಾಯಿ ಈಗಲೂ ಸೂಜಿ ಪಡೆಯುತ್ತಿದ್ದಾರೆ. ಕಳೆದುಹೋದ ತೂಕದಲ್ಲಿ ಅರ್ಧ ಮರಳಿದೆ. ಕಳೆದ ತಿಂಗಳು ಅವರಿಗೆ 24 ಗಂಟೆಗಳ ಮೂತ್ರಪರೀಕ್ಷೆ ಇತ್ತು. ಬಾಳೆಹಣ್ಣು, ಅನಾನಸು, ಟೊಮ್ಯಾಟೊ, ಬದನೆಗಳಲ್ಲಿ ಸೆರೊಟೋನಿನ್ ಇರುವುದರಿಂದ ಅವನ್ನು ಮೂರು ದಿನ ಮೊದಲೇ ಬಿಡಬೇಕಾಗುತ್ತದೆ, ಇಲ್ಲವಾದರೆ ಗೆಡ್ಡೆ ಬೆಳೆದಂತೆ ಸುಳ್ಳು ಲೆಕ್ಕ ಬರುತ್ತದೆ. ಆ ವಾರ ಮನೆಯಲ್ಲಿ ಪೂಜೆಯಿತ್ತು. ಎಡೆಯ ಬಾಳೆಹಣ್ಣನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗನ ಕೈಗಿತ್ತರಂತೆ.