ಎನ್. ಎಸ್. ಹರ್ಷರ ಚಿತ್ರಗಳೂ ಪ್ರತಿಷ್ಠಾಪನ ಕಲೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯಿಂದ ಶಾಲೆಯ ಪ್ರವಾಸವೆಂದು ಮೈಸೂರಿಗೆ ಹೋದ ನಮ್ಮಲ್ಲಿ ಅನೇಕರು ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಕಂಡಿದ್ದೇವೆ. ಅಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವೊಂದಿದೆ. ಅದನ್ನು ರಾಜಾ ರವಿವರ್ಮನದೆಂದು ಹೇಳುವವರು ಬಹಳ, ಬರೆದವರು ಎಸ್. ಎಲ್. ಹಲ್ದಂಕರ್. ಜಲವರ್ಣದಲ್ಲಿ ಬರೆದ ಆ ಚಿತ್ರಕ್ಕೆ ಅವರ ಮಗಳೇ ರೂಪದರ್ಶಿ. ಬೆರಳಸಂದಿಯಲ್ಲಿ ಹೊಳೆಯುವ ಕೆಂಬೆಳಕನ್ನು ನೋಡಿ ದೀಪವು ನಿಜವಾಗಿ ಉರಿಯುತ್ತಿದೆಯೆಂದು ಭ್ರಮಿಸದವರಿಲ್ಲ. ಕಂಡ ರೂಪವನ್ನು ಕಂಡಂತೆಯೇ ತೋರಿಸುವ ಈ ಬಗೆಗೆ ವಾಸ್ತವಶೈಲಿ ಎಂದು ಹೆಸರು. ಸುತ್ತ ಬೆಳಕು ಕಡಿಮೆಯಾದಷ್ಟೂ ಆ ದೀಪವು ಹೆಚ್ಚು ಬೆಳಗುತ್ತದೆ. ಎಂದಮೇಲೆ, ಚಿತ್ರವಿರುವ ಸ್ಥಳವೂ ಚಿತ್ರದ ಒಂದು ಅಂಗವೇ ಆಯಿತಲ್ಲವೆ?

ಈ ಪ್ರಶ್ನೆಯನ್ನು ಹಿಡಿದು ಮುಂದೆ ನಡೆದರೆ ನಾವು ಪ್ರತಿಷ್ಠಾಪನ ಕಲೆಗೆ, ಎಂದರೆ ಇನ್‌ಸ್ಟಲೇಷನ್ ಎಂದು ಕರೆಯುವ ಕಲೆಗೆ, ಬಂದು ಸೇರುತ್ತೇವೆ. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯನ್ನು ನೆನೆಯಿರಿ. ಒಂದೊಂದು ಗೊಂಬೆಯೂ ಅಂಗಡಿಯಿಂದ ಬಂದದ್ದೇ. ಆದರೆ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಯನ್ನು ಮೇಲಿಟ್ಟು, ಸೆಟ್ಟಿಯ ಅಂಗಡಿಯನ್ನು ಕೆಳಗಿಟ್ಟು, ದೀಪ ಹಚ್ಚಿದಾಗ ಆ ಕೋಣೆಗೆ ಒಂದು ಅರ್ಥವು ಬರುತ್ತದೆ. ಆ ಅರ್ಥವು ಜೋಡಣೆಯಲ್ಲಿದೆ, ನಾವು ಒಳಗೆ ನಡೆದು ನೋಡುವುದರಲ್ಲಿದೆ. ಪ್ರತಿಷ್ಠಾಪನ ಕಲೆಯ ಮರ್ಮವೂ ಇದೇ.

ಚಿತ್ರವನ್ನೂ ಪ್ರತಿಷ್ಠಾಪನೆಯನ್ನೂ ಒಂದೇ ಮನಸ್ಸಿನಿಂದ ದುಡಿಸಿಕೊಂಡ ಕಲಾವಿದರೊಬ್ಬರು ನಮ್ಮ ಮೈಸೂರಿನವರೇ ಆಗಿದ್ದಾರೆ. ಅವರು ಎನ್. ಎಸ್. ಹರ್ಷ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿಯೂ ಅನಂತರ ಬರೋಡದಲ್ಲಿಯೂ ಕಲಿತು, ಮೈಸೂರಿನಲ್ಲಿಯೇ ನೆಲೆಸಿ ಕೆಲಸ ಮಾಡಿದವರು. 2008ರಲ್ಲಿ ಅವರಿಗೆ ವೇಲ್ಸ್ ದೇಶದ ‘ಆರ್ಟೆಸ್ ಮುಂಡಿ’ ಬಹುಮಾನವು ದೊರೆಯಿತು. 2017ರಲ್ಲಿ ಟೋಕಿಯೊ ನಗರದ ಮೋರಿ ಕಲಾ ಸಂಗ್ರಹಾಲಯವು ಅವರ ಕೃತಿಗಳದೇ ದೊಡ್ಡದೊಂದು ಪ್ರದರ್ಶನವನ್ನು ಏರ್ಪಡಿಸಿತು.

ನಾನು ಟೋಕಿಯೊಗೆ ಹೋದವನಲ್ಲ. ಅಚ್ಚಾದ ಚಿತ್ರಗಳಿಂದ ತಿಳಿದುಕೊಂಡವನು. ಆದರೂ ಅವುಗಳಲ್ಲಿ ಕಂಡ ಜನ ನನಗೆ ಪರಿಚಿತರೆನಿಸಿದರು. 1999ರಿಂದ 2001ರವರೆಗೆ ಬರೆದ ಕೃತಿಯೊಂದರ ಮೂರು ಫಲಕಗಳಲ್ಲಿ ಜನ ಸಾಲುಸಾಲಾಗಿ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. 2008ರ ಇನ್ನೊಂದರ ಆರು ಫಲಕಗಳಲ್ಲಿ ಭಾಷಣ ಕೇಳಲು ಕುರ್ಚಿಗಳ ಮೇಲೆ ಕುಳಿತವರು ಎರಡು ಸಾವಿರಕ್ಕೂ ಮಿಗಿಲು. ಇವು ಹಲ್ದಂಕರರ ರೀತಿಯ ಭಾವಚಿತ್ರಗಳಲ್ಲ, ಚಿಕ್ಕ ಚಿಕ್ಕ ಆಕೃತಿಗಳು. ಆದರೆ ಒಬ್ಬನಂತೆ ಇನ್ನೊಬ್ಬನಿಲ್ಲ. ಗುಂಪು ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವುದನ್ನು ಅವರು ಒಬ್ಬೊಬ್ಬರನ್ನಾಗಿ ಬಿಡಿಸಿ ತೋರಿಸುತ್ತಾರೆ.

ಇದೇ ಮನೋಧರ್ಮವು ಪ್ರತಿಷ್ಠಾಪನೆಯಲ್ಲಿಯೂ ಇದೆ. 2010ರ ಒಂದು ಕೃತಿಯಲ್ಲಿ ನೆಲದ ತುಂಬ ಮೇಲಕ್ಕೆ ನೋಡುವ ಮುಖಗಳನ್ನು ಬರೆದು, ಮೇಲೆ ಕನ್ನಡಿಯನ್ನು ಹೊದಿಸಿದ್ದರು. ಒಳಗೆ ಬಂದವನು ತಲೆಯೆತ್ತಿದರೆ ಆ ಜನರ ನಡುವೆ ತನ್ನ ಮುಖವನ್ನೇ ಕಾಣುತ್ತಾನೆ. 2007ರ ‘ನೇಷನ್ಸ್’ ಎಂಬ ಕೃತಿಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆಯಂತ್ರಗಳಿವೆ, 190ಕ್ಕೂ ಹೆಚ್ಚು. ಒಂದೊಂದರ ಮೇಲೆಯೂ ಒಂದೊಂದು ರಾಷ್ಟ್ರದ ಧ್ವಜ. ನಡುವೆ ಸಿಕ್ಕುಬಿದ್ದ ದಾರಗಳು.

ಹೊಲಿಗೆಯಂತ್ರಗಳನ್ನು ತಂದಿಟ್ಟ ಮಾತ್ರಕ್ಕೆ ಅದು ಕಲೆಯಾಗುವುದೆ, ಇದರಲ್ಲಿ ಕೈಚಳಕವೆಲ್ಲಿ, ಎಂದು ಕೇಳುವುದು ಸಹಜ. ನಾನೂ ಕೇಳಿದೆ. ಬಳಿಕ, ನಮ್ಮೂರಿನಿಂದ ಬೆಳಗಿನ ಜಾವದಲ್ಲಿ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸಿನ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳ ನೆನಪಾಯಿತು. ಅವರು ಹೊಲಿದ ಅಂಗಿಯು ಯಾವ ದೇಶದವನ ಮೈಮೇಲಿದೆಯೋ ಅವರರಿಯರು, ತೊಟ್ಟವನೂ ಹೊಲಿದವಳನ್ನರಿಯನು. ಆ ಯಂತ್ರಗಳ ಮುಂದೆ ಯಾರೂ ಕುಳಿತಿಲ್ಲ. ಭಾವಚಿತ್ರವು ಇರುವ ಮುಖವನ್ನು ತೋರಿಸಿದರೆ, ಈ ಕೃತಿಯು ಇಲ್ಲದ ಮುಖವನ್ನು ನೆನೆಯುವಂತೆ ಮಾಡುತ್ತದೆ. ಎರಡೂ ಕೂಡಿದಾಗ ಪ್ರದರ್ಶನವು ಪೂರ್ಣವಾಗುತ್ತದೆ.

ಹಿಂದೆ ಭಾವಚಿತ್ರವೆಂಬುದು ಅರಸರಿಗೂ ಸಿರಿವಂತರಿಗೂ ಸಲ್ಲುತ್ತಿದ್ದ ಗೌರವ. ನಮ್ಮ ಅಜ್ಜಿ ತೀರಿಕೊಂಡಾಗ ಹಾರ ಹಾಕಲು ಮನೆಯಲ್ಲಿ ಅವರ ಒಂದು ಫೋಟೋ ಕೂಡ ಇರಲಿಲ್ಲ. ಕಡೆಗೆ ಆಧಾರ್ ಕಾರ್ಡಿನಲ್ಲಿದ್ದುದನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಕಣ್ಣು ಮೂಗು ಎಲ್ಲವೂ ಇವೆ, ಅಜ್ಜಿಯಿಲ್ಲ. ಅವರು ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಕಟ್ಟಿ ಕಪ್ಪಾದ ಬೆರಳುಗಳು ಆ ಚಿತ್ರದಲ್ಲಿ ಎಲ್ಲಿ ಬರಬೇಕು? ಅದರ ಪಕ್ಕದಲ್ಲಿ ಅವರ ಎಲೆಯಡಕೆಯ ಚೀಲವನ್ನೂ ಒಂದು ಹೊಗೆಸೊಪ್ಪಿನ ಕೋಲನ್ನೂ ಇಟ್ಟಿದ್ದರೆ ಬಂದವರು ಅವರನ್ನು ಕಾಣುತ್ತಿದ್ದರೇನೋ. ಪ್ರತಿಷ್ಠಾಪನ ಕಲೆಯು ಏಕೆ ಬೇಕೆಂಬುದು ನನಗೆ ಮನದಟ್ಟಾದದ್ದು ಅಂದು.

ಆದುದರಿಂದ ಸಹಪಾಠಿಗಳಲ್ಲಿ ಒಂದು ಬಿನ್ನಹ. ಬರುವ ವರ್ಷದ ಕಾಲೇಜು ಉತ್ಸವದಲ್ಲಿ ಒಂದು ಕೊಠಡಿಯನ್ನು ಇದಕ್ಕಾಗಿ ಕೇಳೋಣ. ನಾಲ್ಕೂ ತಾಲ್ಲೂಕುಗಳಿಂದ ಬರುವ ನಾವು ನಮ್ಮ ಮನೆಯ ಅಥವಾ ಕೇರಿಯ ಒಬ್ಬರ ಮುಖವನ್ನು ಬಂದಷ್ಟು ಚೆನ್ನಾಗಿ ಬರೆದು, ಅವರು ದಿನವೂ ಹಿಡಿಯುವ ಒಂದು ವಸ್ತುವನ್ನು, ಕುಡುಗೋಲೋ ಮೊರವೋ ಬುತ್ತಿಯ ಡಬ್ಬಿಯೋ, ಅದರ ಕೆಳಗೆ ಇಡೋಣ. ಅಧ್ಯಾಪಕರು ದಾರಿ ತೋರಿಸಿಯಾರು. ರೇಖೆ ಸೊಟ್ಟಗಾದರೂ ಚಿಂತೆಯಿಲ್ಲ. ಚಿತ್ರದಲ್ಲಿರುವವರು ಬದುಕಿರುವಾಗಲೇ ಬಂದು ನೋಡಲಿ.