ರಿಂಗ್ ಆಗುತ್ತೆ, ಮುಖ ಕಾಣಲ್ಲ: ತಪ್ಪು ನಿಮ್ಮ ಫೋನಿನದ್ದೇನಾ?

ಹಾಸ್ಟೆಲ್ ವೈಫೈನಲ್ಲಿ ಕೂತಿದ್ದೀರಿ, ಆನ್‌ಲೈನ್ ಇಂಟರ್ವ್ಯೂಗೆ ಇನ್ನು ಹತ್ತೇ ನಿಮಿಷ. ಒಂದ್ಸಲ ನೋಡೋಣ ಅಂತ ಗೆಳೆಯನಿಗೆ ವಿಡಿಯೋ ಕಾಲ್ ಮಾಡ್ತೀರಿ. ರಿಂಗ್ ಆಗುತ್ತೆ, ಅವನು ಎತ್ತುತ್ತಾನೆ, ಆಮೇಲೆ ಬರೀ 'ಕನೆಕ್ಟಿಂಗ್'. ಮೆಸೇಜ್ ಹೋಗ್ತಿದೆ, ಯೂಟ್ಯೂಬ್ ಸಲೀಸಾಗಿ ಓಡ್ತಿದೆ. ಕಾಲ್ ಮಾತ್ರ ಯಾಕಿಲ್ಲ?

ಮೆಸೇಜ್, ರಿಂಗ್ ಸಾಮಾನ್ಯವಾಗಿ ವೆಬ್‌ಸೈಟ್‌ಗಳು ಬಳಸೋ 443ನೇ ಪೋರ್ಟ್‌ನಲ್ಲೇ ಹೋಗಿಬಿಡುತ್ತವೆ. ಕಾಲ್‌ನ ಧ್ವನಿ, ಚಿತ್ರ ತಡವಾಗಬಾರದು, ಅದಕ್ಕೆ ಅವು ಯುಡಿಪಿ ಅನ್ನೋ ಬೇರೆ ದಾರಿ ಹಿಡಿಯುತ್ತವೆ. ಕಾಲೇಜು, ಆಫೀಸುಗಳ ಫೈರ್‌ವಾಲ್ ಎಷ್ಟೋ ಸಲ ಈ ದಾರಿಯನ್ನೇ ಮುಚ್ಚಿರುತ್ತೆ.

ಪತ್ತೆ ಹಚ್ಚೋದು ಸುಲಭ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಕಾಲ್ ಮಾಡಿ. ಸರಿಹೋಯ್ತಾ? ಹಾಗಾದ್ರೆ ಆ್ಯಪ್ ಅಳಿಸೋದು, ಫೋನ್ ರಿಸೆಟ್ ಮಾಡೋದು ಬೇಡ. ಇಂಟರ್ವ್ಯೂ ಡೇಟಾದಲ್ಲೇ ಮುಗಿಸಿ. ಡೇಟಾದಲ್ಲೂ ಆಗ್ಲಿಲ್ಲ ಅಂದ್ರೆ ಆ್ಯಪ್‌ಗೆ ಕ್ಯಾಮೆರಾ, ಮೈಕ್ ಅನುಮತಿ ಇದೆಯಾ ನೋಡಿ.

ರೂಮಿನಲ್ಲಿ ಡೇಟಾ ಸಿಗ್ನಲ್ಲೇ ಇಲ್ವಾ? ಇಂಟರ್ವ್ಯೂ ಮಾಡೋರನ್ನ ಕೇಳಿ ಗೂಗಲ್ ಮೀಟ್‌ಗೆ ಬನ್ನಿ. ಯುಡಿಪಿ ಸಿಗದಿದ್ರೆ ಅದು ಟಿಸಿಪಿ 443ರಲ್ಲಿ ಪ್ರಯತ್ನಿಸುತ್ತೆ. ಚಿತ್ರ ಸ್ವಲ್ಪ ತಡವರಿಸಬಹುದು, ಆದ್ರೆ ಮಾತು ನಡೆಯುತ್ತೆ.

ಶಾಶ್ವತ ಪರಿಹಾರ ಇರೋದು ನೆಟ್‌ವರ್ಕ್ ನೋಡಿಕೊಳ್ಳೋರ ಕೈಯಲ್ಲಿ. 'ವೈಫೈ ಸರಿಯಿಲ್ಲ' ಅಂದ್ರೆ 'ಫೋನ್ ರೀಸ್ಟಾರ್ಟ್ ಮಾಡಿ' ಅಂತಾರೆ. ಅದರ ಬದಲು 'ಮೀಟ್‌ಗೆ ಹೊರಹೋಗುವ ಯುಡಿಪಿ 3478 ಮತ್ತು 19302ರಿಂದ 19309ರವರೆಗಿನ ಪೋರ್ಟ್ ತೆರೆಯಿರಿ' ಅಂತ ಬರೆದುಕೊಡಿ. ಏನು ಮಾಡಬೇಕು ಅನ್ನೋದು ಅವರಿಗೂ ಸ್ಪಷ್ಟವಾಗುತ್ತೆ.

ಈ ಪರೀಕ್ಷೆನ ಇಂಟರ್ವ್ಯೂ ಹಿಂದಿನ ದಿನವೇ ಮಾಡ್ಕೊಳ್ಳಿ. ಆಲ್ ದಿ ಬೆಸ್ಟ್!